ಕಿವಿಯಲ್ಲಿ ಓದುವ ಕಥೇತರ ಪುಸ್ತಕ: ಆರಿಸುವುದು, ಕೇಳುವುದು, ನೆನಪಿಟ್ಟುಕೊಳ್ಳುವುದು

ಅಚ್ಚಿನ ಪುಟ ಓದುವಾಗ ಕಣ್ಣು ಒಂದೇ ಸಮನೆ ಮುಂದೆ ಹೋಗುವುದಿಲ್ಲ. ಕಣ್ಣಿನ ಚಲನೆ ಅಳೆದವರ ಲೆಕ್ಕದಲ್ಲಿ ಓದುವಾಗಿನ ನೆಗೆತಗಳಲ್ಲಿ ನೂರಕ್ಕೆ 10ರಿಂದ 15 ಹಿಂದಕ್ಕೆ ಹೋಗುವಂಥವು. ಸರಿಯಾಗಿ ತಿಳಿಯದ ಪದ, ಎರಡು ಸಾಲು ಹಿಂದೆ ಬಂದ ಹೆಸರು, ವಾಕ್ಯದ ನಡುವೆ ಅಡಗಿದ್ದ ‘ಆದರೆ’, ಇವನ್ನೆಲ್ಲ ಕಣ್ಣು ನಮಗೆ ಗೊತ್ತಾಗದಂತೆಯೇ ಹೋಗಿ ನೋಡಿಕೊಂಡು ಬರುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. ಆಡಿದ ಮಾತು ಹೋಯಿತೆಂದರೆ ಹೋಯಿತು. ಮತ್ತೆ ಬೇಕಾದರೆ ಬೆರಳು ಗುಂಡಿ ಒತ್ತಬೇಕು. ಕಾದಂಬರಿಯಲ್ಲಿ ಒಂದು ವಾಕ್ಯ ಕೈತಪ್ಪಿದರೆ ಕಥೆಯೇ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಒಂದರ ಮೇಲೊಂದು ವಾದ ಕಟ್ಟುವ ಪುಸ್ತಕದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ 20 ನಿಮಿಷ ಕಿವಿಗೆ ಬೀಳುವುದು ಬರೀ ಸದ್ದು. ಕಥೇತರ ಆಡಿಯೋಬುಕ್ ಕೇಳಿದವರು ‘ಪುಸ್ತಕ ಚೆನ್ನಾಗಿತ್ತು, ಆದರೆ ಏನಿತ್ತು ಅಂತ ಕೇಳಬೇಡಿ’ ಎನ್ನುವುದಕ್ಕೆ ಮುಖ್ಯ ಕಾರಣ ಇದೇ. ಯಾವ ಪುಸ್ತಕ ಆರಿಸಬೇಕು, ಎಷ್ಟು ವೇಗದಲ್ಲಿ ಕೇಳಬೇಕು, ಆಗ ಕೈಯಲ್ಲಿ ಯಾವ ಕೆಲಸ ಇರಬೇಕು ಎಂಬುದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಹಾಗೆಂದು ಕೇಳುವುದನ್ನು ಎರಡನೇ ದರ್ಜೆಯ ಓದು ಎನ್ನುವುದು ತಪ್ಪು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ ಮೇಲೆ ಅದರ ಉಪಯೋಗಗಳ ಪಟ್ಟಿಯಲ್ಲಿ ದೃಷ್ಟಿಯಿಲ್ಲದವರಿಗಾಗಿ ಮಾತಾಡುವ ಪುಸ್ತಕವನ್ನೂ ಸೇರಿಸಿದ್ದರು. 1930ರ ದಶಕದಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಅಂಥ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳ ಮೇಲೆ ಬಂದವು. ಅಲ್ಲಿಂದೀಚೆಗೆ ಇತಿಹಾಸ, ವಿಜ್ಞಾನ, ಕಾನೂನು ಎಲ್ಲವನ್ನೂ ಕಿವಿಯಲ್ಲೇ ಓದಿ ಪಾಂಡಿತ್ಯ ಪಡೆದವರಿದ್ದಾರೆ. ಅವರಿಗಾಗಿ 1990ರ ದಶಕದಲ್ಲಿ ರೂಪುಗೊಂಡ ‘ಡೈಸಿ’ ಎಂಬ ಧ್ವನಿಪುಸ್ತಕ ಮಾದರಿಯ ಮುಖ್ಯ ಗುಣ ಗಮನಿಸಿ: ಅದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಉಪಶೀರ್ಷಿಕೆಯಿಂದ ಉಪಶೀರ್ಷಿಕೆಗೆ, ಪುಟದಿಂದ ಪುಟಕ್ಕೆ ಹಾರಬಹುದು. ನಿಜವಾಗಿ ಕಿವಿಯಲ್ಲಿ ಓದುವವರು ಮೊದಲು ಕೇಳಿದ್ದೇ ಹಿಂದಕ್ಕೆ ಹೋಗುವ ದಾರಿಯನ್ನು.

ಕೇಳುವುದು ಓದಿಗೆ ಸಮವಾಗಬಲ್ಲದು ಎಂದು ಸಂಶೋಧನೆಯೂ ಹೇಳುತ್ತದೆ, ಎಲ್ಲ ಸಲವೂ ಅಲ್ಲ. ಒಂದು ಕಥೇತರ ಪುಸ್ತಕದ ಭಾಗವನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಕೆಲವರಿಗೆ ಎರಡನ್ನೂ ಒಟ್ಟಿಗೆ ಮಾಡಲು ಕೊಟ್ಟ 2016ರ ಅಧ್ಯಯನದಲ್ಲಿ ಮೂರೂ ಗುಂಪಿನ ಗ್ರಹಿಕೆ ಸರಿಸುಮಾರು ಒಂದೇ ಆಗಿತ್ತು. 2 ವಾರದ ನಂತರ ಪರೀಕ್ಷಿಸಿದಾಗಲೂ ಹಾಗೆಯೇ. ಆದರೆ 2010ರ ಇನ್ನೊಂದು ಅಧ್ಯಯನದಲ್ಲಿ, ಪಠ್ಯದ ಲೇಖನವೊಂದನ್ನು ಪಾಡ್‌ಕಾಸ್ಟ್ ರೂಪದಲ್ಲಿ ಕೇಳಿದ ವಿದ್ಯಾರ್ಥಿಗಳು ಅದನ್ನೇ ಓದಿದವರಿಗಿಂತ ಕಡಿಮೆ ಅಂಕ ತೆಗೆದರು. 2013ರಲ್ಲಿ ಗಟ್ಟಿಯಾಗಿ ಓದುವುದು, ಮೌನವಾಗಿ ಓದುವುದು, ಕೇಳುವುದು ಮೂರನ್ನೂ ಹೋಲಿಸಿದಾಗ ಮನಸ್ಸು ಅತಿ ಹೆಚ್ಚು ಅಲೆದದ್ದು ಕೇಳುವಾಗ. 2016ರದು ಕಥನಶೈಲಿಯ ಪುಸ್ತಕ, 2010ರದು ಪಠ್ಯ. ಕಥನ ಕಿವಿಗೆ ಸುಲಭವಾಗಿ ಇಳಿಯುತ್ತದೆ, ಒತ್ತಾದ ವಿವರಣೆಗೆ ಕೇಳುಗರ ಕಡೆಯಿಂದ ಇನ್ನಷ್ಟು ಕೆಲಸ ಬೇಕಾಗುತ್ತದೆ ಎಂದು ನಾವು ಇದನ್ನು ಅರ್ಥ ಮಾಡಿಕೊಳ್ಳುತ್ತೇವೆ.

ಯಾವ ಪುಸ್ತಕ ಕಿವಿಗೆ ಒಗ್ಗುತ್ತದೆ

ಕೊಳ್ಳುವ ಮುಂಚೆ ಕೇಳಲು ಸಿಗುವ 5 ನಿಮಿಷದ ಮಾದರಿಯನ್ನೇ ನಂಬಬೇಡಿ. ಅದು ಸಾಮಾನ್ಯವಾಗಿ ಪುಸ್ತಕದ ಆರಂಭದ್ದು, ಮತ್ತು ಆರಂಭವನ್ನು ಹೆಚ್ಚಿನ ಲೇಖಕರು ಕಥೆಯ ಹಾಗೆ ಬರೆಯುತ್ತಾರೆ. ಕಷ್ಟ ಶುರುವಾಗುವುದು ಮೂರನೆಯ ಅಧ್ಯಾಯದಿಂದ. ಇ-ಬುಕ್ಕಿನ ಮುನ್ನೋಟವನ್ನೋ ಗ್ರಂಥಾಲಯದ ಪ್ರತಿಯನ್ನೋ ತೆರೆದು ನಡುವಿನ ಎರಡು ಪುಟ ನೋಡಿ. ಅಲ್ಲಿ ಮೂರು ಸಂಗತಿ ಎಣಿಸಿ: ಅಂಕಿಗಳು ಎಷ್ಟು, ಮೊದಲ ಸಲ ಬರುವ ಹೆಸರುಗಳು ಎಷ್ಟು, ‘ಚಿತ್ರ ನೋಡಿ’ ‘ಕೋಷ್ಟಕ ನೋಡಿ’ ಎಂದು ಎಷ್ಟು ಕಡೆ ಇದೆ. ಪುಟಕ್ಕೆ 6ಕ್ಕಿಂತ ಹೆಚ್ಚು ಅಂಕಿ, 4ಕ್ಕಿಂತ ಹೆಚ್ಚು ಹೊಸ ಹೆಸರು, ಅಥವಾ ಚಿತ್ರವಿಲ್ಲದೆ ಮುಂದುವರಿಯಲಾಗದ ಒಂದೇ ಒಂದು ಪ್ಯಾರಾ ಇದ್ದರೂ ಆ ಪುಸ್ತಕವನ್ನು ಅಚ್ಚಿನಲ್ಲಿ ಓದುವುದೇ ಲೇಸು. ಇದು ಕೈಯಳತೆಯ ಲೆಕ್ಕ, ಆದರೆ ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಆತ್ಮಕಥೆ, ಜೀವನಚರಿತ್ರೆ, ಪ್ರವಾಸ ಕಥನ, ಒಂದೇ ಘಟನೆಯ ಸುತ್ತ ಕಟ್ಟಿದ ಇತಿಹಾಸ, ಇವು ಕಿವಿಗೆಂದೇ ಹುಟ್ಟಿದ ಹಾಗಿರುತ್ತವೆ. ಕಾಲಕ್ರಮವೇ ಇಲ್ಲಿ ಹಳಿ. ಸ್ವಲ್ಪ ತಪ್ಪಿದರೂ ಮತ್ತೆ ಹತ್ತಬಹುದು. ಪ್ರಬಂಧ ಸಂಕಲನಗಳು ಇನ್ನೂ ಒಳ್ಳೆಯವು, ಒಂದೊಂದು ಪ್ರಬಂಧ 20ರಿಂದ 40 ನಿಮಿಷದಲ್ಲಿ ಮುಗಿದು ಮನಸ್ಸಿಗೆ ತಂಗುವ ಜಾಗ ಸಿಗುತ್ತದೆ. ಉಪನ್ಯಾಸಗಳಿಂದ ಬೆಳೆದ ಪುಸ್ತಕ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕೇಳುವವರು ಎದುರಿಗಿದ್ದಾರೆಂದು ತಿಳಿದೇ ಕಟ್ಟಿದ ವಾಕ್ಯಗಳಾದ್ದರಿಂದ ಅವು ಚಿಕ್ಕವಾಗಿರುತ್ತವೆ, ಮುಖ್ಯ ಮಾತು ಎರಡು ಸಲ ಬರುತ್ತದೆ.

ವಿಜ್ಞಾನ ಪುಸ್ತಕಗಳಲ್ಲಿ ಎರಡು ಜಾತಿ. ಒಂದು ಸಂಶೋಧನೆ ಹೇಗೆ ನಡೆಯಿತೆಂದು ಹೇಳುವ ಪುಸ್ತಕ ಚೆನ್ನಾಗಿ ಕೇಳಿಸುತ್ತದೆ. ಒಂದು ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ಭಾಗ ಭಾಗವಾಗಿ ಬಿಡಿಸುವ ಪುಸ್ತಕಕ್ಕೆ ಪಕ್ಕದಲ್ಲಿ ಚಿತ್ರ ಬೇಕೇ ಬೇಕು. ತತ್ತ್ವಶಾಸ್ತ್ರವನ್ನು ಕೇಳಬಹುದು, ಆದರೆ ಒಂದು ಸಲಕ್ಕೆ ಒಂದೇ ಅಧ್ಯಾಯ, ಕೈಗೆ ಕೆಲಸ ಕೊಡದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ ಒಂದು ವಿಚಾರವನ್ನು ಹತ್ತು ಉದಾಹರಣೆಗಳಲ್ಲಿ ಹಿಗ್ಗಿಸುವುದು ಸಾಮಾನ್ಯ. ಅಚ್ಚಿನಲ್ಲಾದರೆ ಹಾಳೆ ಮಗುಚಬಹುದು, ಧ್ವನಿಯಲ್ಲಿ ಹತ್ತನ್ನೂ ಕೇಳಲೇಬೇಕಾಗುತ್ತದೆ. ಗಣಿತ, ಲೆಕ್ಕಪತ್ರ, ಪ್ರೋಗ್ರಾಮಿಂಗ್, ಅಡುಗೆ ವಿಧಾನ, ವ್ಯಾಕರಣ ಮತ್ತು ಆಕರ ಗ್ರಂಥಗಳನ್ನು ಆಡಿಯೋದಲ್ಲಿ ಕೊಳ್ಳಲೇಬೇಡಿ.

ಅನೇಕ ಪಾತ್ರಗಳಿರುವ ಇತಿಹಾಸ ಪುಸ್ತಕಕ್ಕೆ ಒಂದು ಉಪಾಯವಿದೆ. ಅಚ್ಚಿನ ಪ್ರತಿಯ ಪರಿವಿಡಿ, ನಕ್ಷೆ, ವಂಶಾವಳಿ ಇರುವ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಆಡಿಯೋಬುಕ್‌ಗಳ ಜೊತೆ ಚಿತ್ರ, ಕೋಷ್ಟಕಗಳ ಪಿಡಿಎಫ್ ಬರುತ್ತದೆ. ಕೇಳಲು ಕೂರುವ ಮುನ್ನವೇ ಇಳಿಸಿಕೊಂಡು ಒಮ್ಮೆ ಕಣ್ಣಾಡಿಸಿ. ಅಡಿಟಿಪ್ಪಣಿ, ಆಕರಸೂಚಿಗಳನ್ನು ಸಾಮಾನ್ಯವಾಗಿ ಓದುವುದಿಲ್ಲ. ಲೇಖಕರು ಯಾವ ಆಧಾರದ ಮೇಲೆ ಈ ಮಾತು ಹೇಳಿದರು ಎಂಬುದು ಮುಖ್ಯವಾಗುವ ವಿವಾದಾತ್ಮಕ ವಿಷಯಗಳಲ್ಲಿ ಇದು ದೊಡ್ಡ ಕೊರತೆ.

‘ಸಂಕ್ಷಿಪ್ತ’ ಎಂದು ಬರೆದದ್ದನ್ನು ಬಿಟ್ಟುಬಿಡಿ, ‘ಪೂರ್ಣಪಾಠ’ವನ್ನೇ ಹುಡುಕಿ. ಕ್ಯಾಸೆಟ್ ಕಾಲದಲ್ಲಿ ಪೆಟ್ಟಿಗೆಯಲ್ಲಿ ಹಿಡಿಸಬೇಕೆಂದು ಪುಸ್ತಕವನ್ನು ಕೆಲವೇ ಗಂಟೆಗಳಿಗೆ ಇಳಿಸುತ್ತಿದ್ದರು. ಕಥೇತರ ಪುಸ್ತಕವನ್ನು ಕತ್ತರಿಸುವವರು ಮೊದಲು ತೆಗೆಯುವುದು ಪುರಾವೆ ಮತ್ತು ಎದುರುವಾದಗಳನ್ನು; ತೀರ್ಮಾನಗಳು ಮಾತ್ರ ಉಳಿಯುತ್ತವೆ. ಹಾಗೆ ಉಳಿದ ತೀರ್ಮಾನಗಳನ್ನು ಒರೆಗೆ ಹಚ್ಚಲು ಕೇಳುಗರ ಕೈಯಲ್ಲಿ ಏನೂ ಇರುವುದಿಲ್ಲ.

ಓದುವ ದನಿ

ಆತ್ಮಕಥೆಯಾದರೆ ಲೇಖಕರೇ ಓದಿದ್ದನ್ನು ಆರಿಸಿ. ಉಚ್ಚಾರ ಸ್ವಲ್ಪ ತೊಡರಿದರೂ ಯಾವ ಮಾತಿನ ಮೇಲೆ ಭಾರ ಬೀಳಬೇಕೆಂದು ಅವರಿಗೆ ಗೊತ್ತಿರುತ್ತದೆ. ಉಳಿದ ಕಥೇತರ ಪುಸ್ತಕಗಳಲ್ಲಿ ಲೇಖಕರ ಓದು ಬಹಳ ಸಲ ನಿರಾಸೆ ಮಾಡುತ್ತದೆ. ತಾನೇ ಬರೆದ ವಾಕ್ಯ ಬಾಯಿಪಾಠವಾಗಿ, ಕೇಳುವವರಿಗೆ ಅದು ಹೊಸದೆಂಬುದು ಮರೆತು, ಸರಸರ ಓಡುತ್ತಾರೆ. ಕಸುಬು ತಿಳಿದ ವಾಚಕರು ಅಲ್ಪವಿರಾಮಕ್ಕೂ ಪ್ಯಾರಾ ಮುಗಿದದ್ದಕ್ಕೂ ಬೇರೆ ಬೇರೆ ಉದ್ದದ ನಿಲುಗಡೆ ಕೊಡುತ್ತಾರೆ. ‘ಒಂದು ಕಡೆ’ ಎಂದಾಗ ದನಿ ಎತ್ತಿ ಹಿಡಿದು ‘ಇನ್ನೊಂದು ಕಡೆ’ ಬರುವವರೆಗೂ ಇಳಿಸುವುದಿಲ್ಲ. ಪುಟದ ಮೇಲೆ ಹಾಳೆಯ ಅಂಚು, ಖಾಲಿ ಸಾಲು, ದಪ್ಪಕ್ಷರಗಳು ಮಾಡುವ ಕೆಲಸವನ್ನು ಇಲ್ಲಿ ಉಸಿರು ಮಾಡಬೇಕು. ನಮ್ಮ ದೃಷ್ಟಿಯಲ್ಲಿ ಕಥೇತರ ವಾಚನದ ನಿಜವಾದ ಕಲೆ ಅದೇ.

ಮಾದರಿ ಕೇಳುವಾಗ ಗಮನಿಸಬೇಕಾದ ದೋಷಗಳು: ಉಲ್ಲೇಖ ಬಂದಾಗಲೆಲ್ಲ ದನಿ ಬದಲಿಸಿ ನಟಿಸುವುದು, ಬೇರೆ ನಾಡಿನವರ ಮಾತನ್ನು ಅಣಕದ ಉಚ್ಚಾರದಲ್ಲಿ ಹೇಳುವುದು, ಓದಿನ ಹಿಂದೆ ಸಂಗೀತ ಹರಿಸುವುದು, ಪ್ರತಿ ವಾಕ್ಯವನ್ನೂ ಒಂದೇ ಇಳಿತದಲ್ಲಿ ಮುಗಿಸುವುದು. ಕೊನೆಯದು 5 ನಿಮಿಷದಲ್ಲಿ ಗೊತ್ತಾಗದೇ ಹೋಗಬಹುದು, 2 ಗಂಟೆಯ ಹೊತ್ತಿಗೆ ತೂಕಡಿಕೆ ತರುತ್ತದೆ. ಯಂತ್ರದ ದನಿಯಲ್ಲಿ ಓದಿಸಿದ ಪುಸ್ತಕಗಳು ಈಗ ಹೆಚ್ಚುತ್ತಿವೆ. ವಾಕ್ಯ ಸರಳವಾಗಿರುವ ಕಡೆ ಅವು ಪರವಾಗಿಲ್ಲ. ಸಂಕ್ಷೇಪಾಕ್ಷರ, ಇಸವಿ, ರೋಮನ್ ಅಂಕಿ, ವಿದೇಶಿ ಹೆಸರುಗಳ ಬಳಿ ಮುಗ್ಗರಿಸುತ್ತವೆ, ಒತ್ತನ್ನು ತಪ್ಪು ಪದದ ಮೇಲೆ ಹಾಕಿ ಅರ್ಥವನ್ನೇ ತಿರುಗಿಸುತ್ತವೆ. ಹೆಸರು, ಇಸವಿ ತುಂಬಿದ ಪುಸ್ತಕಕ್ಕೆ ಮನುಷ್ಯರ ದನಿಯೇ ಇರಲಿ.

ವೇಗದ ಲೆಕ್ಕ

ಇಂಗ್ಲಿಷ್ ಆಡಿಯೋಬುಕ್ ನಿಮಿಷಕ್ಕೆ ಸುಮಾರು 155 ಪದ, ಗಂಟೆಗೆ 9,300ರ ಆಸುಪಾಸು ಸಾಗುತ್ತದೆ. 90,000 ಪದಗಳ ಪುಸ್ತಕವೆಂದರೆ ಹತ್ತಿರ ಹತ್ತಿರ 10 ಗಂಟೆ. ಕಥೇತರ ಬರಹವನ್ನು ವಯಸ್ಕರು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಅಂದರೆ ಅದೇ ಪುಸ್ತಕ ಕಣ್ಣಿಗೆ 6 ಗಂಟೆ 20 ನಿಮಿಷದ ಕೆಲಸ. ಧ್ವನಿಯನ್ನು 1.5 ಪಟ್ಟು ಓಡಿಸಿದಾಗ ಕಿವಿ ಕಣ್ಣಿನ ಸಮಕ್ಕೆ ಬರುತ್ತದೆ. ಮಾತನ್ನು ವೇಗಗೊಳಿಸಿ ನಡೆಸಿದ ಹಳೆಯ ಪ್ರಯೋಗಗಳನ್ನು ಪರಿಶೀಲಿಸಿ 1969ರಲ್ಲಿ ಬರೆದ ಸಮೀಕ್ಷೆಯ ಪ್ರಕಾರ ನಿಮಿಷಕ್ಕೆ 275 ಪದ ದಾಟಿದ ಮೇಲೆ ಗ್ರಹಿಕೆ ಕಡಿದಾಗಿ ಇಳಿಯುತ್ತದೆ; ಅದು 1.75 ಪಟ್ಟಿನ ಹತ್ತಿರ. (ಈ ಅಂಕಿಗಳು ಇಂಗ್ಲಿಷಿಗೆ ಸೇರಿದವು. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳನ್ನು ಹೊತ್ತು ಪದವೇ ಉದ್ದವಾಗುವುದರಿಂದ ನಿಮಿಷಕ್ಕೆ ಬರುವ ಪದಗಳು ಕಡಿಮೆ. ಪಟ್ಟಿನ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಿ.)

ವೇಗ ಹೆಚ್ಚಿಸಿದಷ್ಟೂ ಉಳಿತಾಯ ಕರಗುತ್ತದೆ ಎಂಬುದನ್ನು ಹೆಚ್ಚಿನವರು ಲೆಕ್ಕ ಹಾಕಿ ನೋಡಿರುವುದಿಲ್ಲ. 10 ಗಂಟೆಯ ಪುಸ್ತಕ 1.25 ಪಟ್ಟಿನಲ್ಲಿ 8 ಗಂಟೆ, ಉಳಿದದ್ದು 2 ಗಂಟೆ. ಅಲ್ಲಿಂದ 1.5ಕ್ಕೆ ಏರಿದರೆ 6 ಗಂಟೆ 40 ನಿಮಿಷ, ಹೊಸದಾಗಿ ಉಳಿದದ್ದು 1 ಗಂಟೆ 20 ನಿಮಿಷ. 1.75ರಿಂದ 2ಕ್ಕೆ ಏರಿದಾಗ ಸಿಗುವುದು ಬರೀ 43 ನಿಮಿಷ. ಆ 43 ನಿಮಿಷಕ್ಕಾಗಿ ವಾದದ ಅರ್ಧ ಎಳೆ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ನಿಮ್ಮ ವೇಗ ಕಂಡುಕೊಳ್ಳುವ ಕ್ರಮ ಹೀಗೆ. ಹೊಸ ಪುಸ್ತಕದ ಮೊದಲ 15 ನಿಮಿಷವನ್ನು ಯಾವಾಗಲೂ 1 ಪಟ್ಟಿನಲ್ಲೇ ಕೇಳಿ, ವಾಚಕರ ಲಯ ಕಿವಿಗೆ ಕೂರಲಿ. ಆಮೇಲೆ 0.1ರಂತೆ ಏರಿಸುತ್ತಾ ಪ್ರತಿ ಮೆಟ್ಟಿಲಲ್ಲೂ 5 ನಿಮಿಷ ನಿಲ್ಲಿ. ಐದನೆಯ ನಿಮಿಷದಲ್ಲಿ ನಿಲ್ಲಿಸಿ, ಈಗಷ್ಟೇ ಕೇಳಿದ್ದನ್ನು ಬಾಯಿಬಿಟ್ಟು ಎರಡು ವಾಕ್ಯದಲ್ಲಿ ಹೇಳಿ. ಮುಖ್ಯ ವಿಚಾರ ಬಂದು, ಅದಕ್ಕೆ ಕೊಟ್ಟ ಕಾರಣವೂ ಬಂದರೆ ಮೇಲೆ ಹೋಗಿ. ವಿಚಾರ ಬಂದು ಕಾರಣ ಬರದಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ಅರ್ಥವಾಗುತ್ತಿದೆ ಎಂಬ ಭಾವನೆಯನ್ನು ನೆಚ್ಚಿಕೊಳ್ಳಬೇಡಿ. ವೇಗದಲ್ಲಿ ಕೇಳುವಾಗ ಪ್ರತಿ ಪದವೂ ತಿಳಿಯುತ್ತದೆ, ಪದಗಳ ನಡುವಿನ ಸಂಬಂಧ ಉದುರಿಹೋಗುತ್ತದೆ. ಪ್ರವಾಸ ಕಥನ, ಜೀವನಚರಿತ್ರೆಗಳಿಗೆ 1.3ರಿಂದ 1.5, ವಿವರಣೆಯ ಪುಸ್ತಕಕ್ಕೆ 1.1ರಿಂದ 1.25, ತತ್ತ್ವಶಾಸ್ತ್ರಕ್ಕೆ 1 ಎಂದು ಶುರುಮಾಡಬಹುದು. ನಿಮ್ಮ ಮನೆಮಾತಲ್ಲದ ಭಾಷೆಯಲ್ಲಿ ಕೇಳುತ್ತಿದ್ದರೆ ಇವುಗಳಿಂದ 0.2 ಕಳೆಯಿರಿ.

ಮೌನವನ್ನು ಕತ್ತರಿಸುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಕಥೇತರ ಪುಸ್ತಕಕ್ಕೆ ಅದನ್ನು ಬಂದ್ ಮಾಡಿಬಿಡಿ. ಪ್ಯಾರಾ ಮುಗಿದಾಗಿನ ಒಂದು ಸೆಕೆಂಡ್ ನಿಲುಗಡೆಯಲ್ಲೇ ಕೇಳಿದ್ದು ಮನಸ್ಸಿನಲ್ಲಿ ಜಾಗ ಹುಡುಕಿಕೊಳ್ಳುವುದು; ಅದನ್ನು ತೆಗೆದರೆ ಅಧ್ಯಾಯವಿಡೀ ಒಂದೇ ಉದ್ದನೆಯ ವಾಕ್ಯವಾಗುತ್ತದೆ.

ಆ್ಯಪ್ ಸಜ್ಜುಗೊಳಿಸುವುದು

ಹಿಂದಕ್ಕೆ ಹೋಗುವ ಗುಂಡಿ ಅನೇಕ ಆ್ಯಪ್‌ಗಳಲ್ಲಿ 30 ಸೆಕೆಂಡಿಗೆ ಹೊಂದಿಸಿರುತ್ತದೆ. ಅದನ್ನು 15ಕ್ಕೆ, ಸಾಧ್ಯವಿದ್ದರೆ 10ಕ್ಕೆ ಇಳಿಸಿ. 20 ಪದದ ವಾಕ್ಯ ಓದಲು ಹಿಡಿಯುವುದು ಸುಮಾರು 8 ಸೆಕೆಂಡ್, ಅಂದರೆ 15 ಸೆಕೆಂಡಿನಲ್ಲಿ ತಪ್ಪಿದ ವಾಕ್ಯವೂ ಅದರ ಹಿಂದಿನದೂ ಸಿಗುತ್ತವೆ. 30 ಹಿಂದೆ ಹೋದರೆ ಗೊತ್ತಿರುವುದನ್ನೇ ಮತ್ತೆ ಕೇಳಬೇಕಾಗಿ, ಆ ಬೇಸರದಲ್ಲಿ ಮನಸ್ಸು ಅಲೆದು, ಬೇಕಾದ ವಾಕ್ಯ ಬಂದಾಗ ಮತ್ತೆ ತಪ್ಪುತ್ತದೆ. ಇಯರ್‌ಫೋನಿನ ಮೇಲೆ ಎರಡು ಸಲ ತಟ್ಟಿದರೆ ಈ ಕೆಲಸ ಆಗುವ ಹಾಗೆ ಹೊಂದಿಸಿಕೊಳ್ಳುವುದು ಈ ಇಡೀ ಬರಹದಲ್ಲಿನ ಅತಿ ಉಪಯುಕ್ತ ಸಲಹೆ. ಮೊಬೈಲ್ ಜೇಬಿನಿಂದ ತೆಗೆಯಬೇಕಾದರೆ ಯಾರೂ ಹಿಂದಕ್ಕೆ ಹೋಗುವುದಿಲ್ಲ. ಕೈ ಒದ್ದೆಯಿರುವಾಗ ಸ್ಪರ್ಶದ ಇಯರ್‌ಫೋನ್ ಕೈಕೊಡುತ್ತದೆ. ಒತ್ತುವ ಗುಂಡಿಯುಳ್ಳದ್ದು ಮೇಲು.

ನಿಲ್ಲಿಸಿ ಮತ್ತೆ ಶುರುಮಾಡಿದಾಗ ತಾನಾಗಿ ಕೆಲವು ಸೆಕೆಂಡ್ ಹಿಂದೆ ಹೋಗುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ಒಂದೇ ಕಿವಿಯಲ್ಲಿ ಕೇಳುವ ಅಭ್ಯಾಸವಿದ್ದರೆ ಮೊಬೈಲಿನ ಸುಲಭಬಳಕೆ ಸೆಟ್ಟಿಂಗ್‌ನಲ್ಲಿ ಮೋನೋ ಧ್ವನಿ ಆರಿಸಿ, ಇಲ್ಲದಿದ್ದರೆ ಸ್ಟೀರಿಯೋದಲ್ಲಿ ಮುದ್ರಿಸಿದ ಸಂದರ್ಶನಗಳಲ್ಲಿ ಒಬ್ಬರ ಮಾತು ಇನ್ನೊಂದು ಕಡೆಗೇ ಉಳಿದುಬಿಡುತ್ತದೆ. ಮಾತಿಗೆ ಭಾರಿ ಗುಣಮಟ್ಟದ ಫೈಲ್ ಬೇಕಿಲ್ಲ: ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಗಂಟೆಗೆ ಸುಮಾರು 29 ಎಂಬಿ, 10 ಗಂಟೆಯ ಪುಸ್ತಕಕ್ಕೆ 290 ಎಂಬಿ ಸಾಕು. ಹೊರಡುವ ಮುನ್ನ ಪೂರ್ತಿ ಇಳಿಸಿಕೊಳ್ಳಿ. ನೆಟ್‌ವರ್ಕ್ ಕಡಿದು ಮತ್ತೆ ಬರುವಾಗ ಕೆಲವೊಮ್ಮೆ ಒಂದೆರಡು ವಾಕ್ಯ ನುಂಗಿಹೋಗುತ್ತವೆ, ಅದು ನಮಗೆ ಗೊತ್ತೂ ಆಗುವುದಿಲ್ಲ.

ಕೈಗೆ ಯಾವ ಕೆಲಸ

ಭಾಷೆ ಬೇಡದ, ನಿರ್ಧಾರ ಬೇಡದ, ಕೈಗೆ ರೂಢಿಯಾದ ಕೆಲಸವಾಗಿರಬೇಕು. ಪಾತ್ರೆ ತೊಳೆಯುವುದು, ಬಟ್ಟೆ ಮಡಿಸುವುದು, ಇಸ್ತ್ರಿ ಮಾಡುವುದು, ಗುರುತಿರುವ ದಾರಿಯಲ್ಲಿ ನಡೆಯುವುದು, ಕಾಳು ಆರಿಸುವುದು, ಇವು ಸೊಗಸಾಗಿ ಹೊಂದುತ್ತವೆ. ಏನೂ ಮಾಡದೆ ಕುರ್ಚಿಯಲ್ಲಿ ಕೂತು ಕೇಳುವುದಕ್ಕಿಂತಲೂ ಇವು ಒಳ್ಳೆಯವು. ಸುಮ್ಮನೆ ಕೂತವರ ಕೈ 10 ನಿಮಿಷದಲ್ಲಿ ಮೊಬೈಲಿಗೆ ಹೋಗುತ್ತದೆ, ಪರದೆಯ ಮೇಲಿನ ಅಕ್ಷರ ಕಂಡ ಕೂಡಲೇ ಕಿವಿಯ ಮಾತು ನಿಲ್ಲುತ್ತದೆ. ಓದುವುದು, ಬರೆಯುವುದು, ಸಂದೇಶ ಕಳಿಸುವುದು, ಲೆಕ್ಕ ಮಾಡುವುದು ಮಾತಿನ ಮನಸ್ಸನ್ನೇ ಬಳಸುವುದರಿಂದ ಎರಡರಲ್ಲಿ ಒಂದು ಕೆಡುತ್ತದೆ. ಹೊಸ ಅಡುಗೆ ಮಾಡುವಾಗಲೂ ಬೇಡ. ವಾಹನ ಓಡಿಸುವಾಗ ಖಾಲಿ ಹೆದ್ದಾರಿಯಲ್ಲಿ ಜೀವನಚರಿತ್ರೆ ಕೇಳಬಹುದು, ಆದರೆ ದಟ್ಟಣೆ, ಮಳೆ, ಅಪರಿಚಿತ ತಿರುವು ಬಂದ ಕೂಡಲೇ ನಿಲ್ಲಿಸಿ. ಇಂಥ ಹೊತ್ತಿನಲ್ಲಿ ಕೇಳಿದ್ದು ಹೇಗೂ ನೆನಪಿರುವುದಿಲ್ಲ, ಅಪಾಯವಂತೂ ಇದ್ದೇ ಇದೆ. ರಸ್ತೆ ಬದಿ ನಡೆಯುವಾಗ ಒಂದು ಕಿವಿ ಖಾಲಿ ಇರಲಿ.

ಒಂದು ಸಲ ಕೂತರೆ 25ರಿಂದ 45 ನಿಮಿಷ ಸಾಕು. ಸಾಧ್ಯವಾದಷ್ಟೂ ಅಧ್ಯಾಯದ ಕೊನೆಯಲ್ಲೇ ನಿಲ್ಲಿಸಿ. ಮುಂದಿನ ಅಧ್ಯಾಯಕ್ಕೆ ತಾನಾಗಿ ಉರುಳಿಕೊಂಡು ಹೋಗುವುದೇ ಆಡಿಯೋಬುಕ್ಕಿನ ದೊಡ್ಡ ಆಮಿಷ, ನೆನಪಿಗೆ ದೊಡ್ಡ ಏಟೂ ಅದೇ. ‘ಅಧ್ಯಾಯ ಮುಗಿದಾಗ ನಿಲ್ಲು’ ಎಂಬ ಟೈಮರ್ ಹೆಚ್ಚಿನ ಆ್ಯಪ್‌ಗಳಲ್ಲಿದೆ, ಅದನ್ನು ಹಗಲಲ್ಲೂ ಬಳಸಿ.

ಗುರುತು, ಟಿಪ್ಪಣಿ

ಪೆನ್ಸಿಲ್ ಗೆರೆಗೆ ಬದಲಾಗಿ ಇಲ್ಲಿ ಬುಕ್‌ಮಾರ್ಕ್ ಇದೆ, ಆದರೆ ಅದಕ್ಕೊಂದು ಸಹಜ ದೋಷವಿದೆ: ಮಾತು ಮುಖ್ಯವೆಂದು ಹೊಳೆಯುವುದು ಅದು ಮುಗಿದ ಮೇಲೆ. ಬೆರಳು ಗುಂಡಿ ತಲುಪುವ ಹೊತ್ತಿಗೆ ಇನ್ನೂ 10–20 ಸೆಕೆಂಡ್ ಕಳೆದಿರುತ್ತದೆ. ಹಾಗಾಗಿ ಗುರುತು ನೋಡುವಾಗ ಯಾವಾಗಲೂ 30 ಸೆಕೆಂಡ್ ಹಿಂದಿನಿಂದ ಕೇಳಿ. ಬುಕ್‌ಮಾರ್ಕ್ ಜೊತೆ ಎರಡೇ ಪದ ಸೇರಿಸಿ. ‘ಕಾರಣ ಎರಡು’, ‘ಒಪ್ಪಲ್ಲ’, ‘ಹುಡುಕು’ ಅಷ್ಟೇ ಸಾಕು. ಪದವಿಲ್ಲದ 40 ಬುಕ್‌ಮಾರ್ಕ್‌ಗಳನ್ನು ಮುಂದೆ ಯಾರೂ ತೆರೆಯುವುದಿಲ್ಲ.

ಪ್ರತಿ ಅಧ್ಯಾಯಕ್ಕೆ ಮಾಡಬೇಕಾದದ್ದು ಇಷ್ಟು:

1. ಶುರುವಾಗುವ ಮುಂಚೆ ಅಚ್ಚಿನ ಪರಿವಿಡಿಯ ಫೋಟೋದಲ್ಲಿ ಅಧ್ಯಾಯದ ಹೆಸರು ನೋಡಿ. ಆ್ಯಪ್‌ನಲ್ಲಿ ‘ಅಧ್ಯಾಯ 7’ ಎಂದಷ್ಟೇ ಇರುವುದುಂಟು, ಲೇಖಕರ ಶೀರ್ಷಿಕೆಯಲ್ಲಿ ಅಧ್ಯಾಯದ ಗುರಿ ಇರುತ್ತದೆ.
2. ಕೇಳುವಾಗ 3ರಿಂದ 5 ಬುಕ್‌ಮಾರ್ಕ್. ಅದಕ್ಕಿಂತ ಹೆಚ್ಚಾದರೆ ಅದು ಅಚ್ಚಿನಲ್ಲಿ ಓದಬೇಕಾದ ಅಧ್ಯಾಯ ಎಂದು ಗುರುತಿಸಿ.
3. ಮುಗಿದ ಕೂಡಲೇ ನಿಲ್ಲಿಸಿ, ಮೊಬೈಲಿನ ಧ್ವನಿ ಟಿಪ್ಪಣಿಯಲ್ಲಿ 30 ಸೆಕೆಂಡ್ ಮಾತಾಡಿ: ಏನು ಹೇಳಿದರು, ಯಾವ ಆಧಾರದಿಂದ, ಎಲ್ಲಿ ಅನುಮಾನ.
4. ಅದೇ ದಿನ ರಾತ್ರಿ ಅದನ್ನು ಎರಡು ಮೂರು ಸಾಲಲ್ಲಿ ಬರೆಯಿರಿ, ಟಿಪ್ಪಣಿಯನ್ನು ಮತ್ತೆ ಕೇಳದೆ. ನೆನಪಿನಿಂದ ಎಳೆದು ತೆಗೆಯುವ ಆ ಕಷ್ಟದಿಂದಲೇ ವಿಷಯ ತಲೆಯಲ್ಲಿ ನಿಲ್ಲುವುದು. ಬರೆದಾದ ಮೇಲೆ ಟಿಪ್ಪಣಿ ಕೇಳಿ ಬಿಟ್ಟದ್ದನ್ನು ಸೇರಿಸಿ.

ಹೆಸರುಗಳ ಕಾಗುಣಿತ ಕಿವಿಗೆ ಬರುವುದಿಲ್ಲ. ಮುಖ್ಯ ಹೆಸರುಗಳನ್ನು ಆ ರಾತ್ರಿಯೇ ಅಚ್ಚಿನ ಮುನ್ನೋಟದಲ್ಲೋ ವಿಶ್ವಕೋಶದಲ್ಲೋ ನೋಡಿ ಸರಿಯಾಗಿ ಬರೆದುಕೊಳ್ಳಿ. ಕೇಳಿದ ಅಂಕಿಯನ್ನು ಬೇರೆಯವರಿಗೆ ಹೇಳುವ ಮುಂಚೆಯೂ ಅಚ್ಚಿನಲ್ಲಿ ಪರೀಕ್ಷಿಸಿ. ಇಂಗ್ಲಿಷಿನ ‘ಫಿಫ್ಟೀನ್’, ‘ಫಿಫ್ಟಿ’ ಕಿವಿಯಲ್ಲಿ ಒಂದೇ ಆಗುವುದು ಅಪರೂಪವೇನಲ್ಲ.

ಗಟ್ಟಿ ಪುಸ್ತಕವಾದರೆ ಧ್ವನಿ ಮತ್ತು ಅಚ್ಚು ಎರಡನ್ನೂ ಇಟ್ಟುಕೊಳ್ಳುವುದು ಅತ್ಯುತ್ತಮ. ಮೊದಲು ಅಧ್ಯಾಯ ಕೇಳಿ, ಆಮೇಲೆ ಗುರುತು ಹಾಕಿದ ಪುಟಗಳನ್ನು ಮಾತ್ರ ಓದಿ. ಹೀಗೆ ಓದುವಾಗ ವಾಚಕರ ದನಿ ಒಳಗೇ ಕೇಳಿಸುತ್ತದೆ, ತೊಡಕಿನ ವಾಕ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎಡವುವ ಜಾಗಗಳು

ಮನಸ್ಸು ಅಲೆದದ್ದು ಗೊತ್ತಾದಾಗ ಹೆಚ್ಚಿನವರು ‘ಮುಂದೆ ಗೊತ್ತಾಗುತ್ತದೆ’ ಎಂದು ಬಿಡುತ್ತಾರೆ. ಹಿಂದಕ್ಕೆ ಹೋಗಿ. ಆದರೆ 10 ನಿಮಿಷದಲ್ಲಿ ಮೂರು ಸಲ ಹಿಂದೆ ಹೋಗಬೇಕಾಗಿ ಬಂದರೆ ವೇಗ ಹೆಚ್ಚಾಗಿದೆ, ಕೆಲಸ ಹೊಂದುತ್ತಿಲ್ಲ, ಇಲ್ಲವೇ ನಿಮಗೆ ದಣಿವಾಗಿದೆ. ಆ ಕ್ರಮದಲ್ಲೇ ಒಂದೊಂದಾಗಿ ಪರೀಕ್ಷಿಸಿ. ವೇಗ ತೀರ ಕಡಿಮೆಯಾದರೂ ಮನಸ್ಸು ಅಲೆಯುತ್ತದೆ ಎಂಬುದು ನೆನಪಿರಲಿ. ನಿಧಾನದ ವಾಚಕರನ್ನು 1.2ಕ್ಕೆ ಏರಿಸಿದ ಕೂಡಲೇ ಗಮನ ಮರಳುವುದುಂಟು.

ಮಲಗುವಾಗ ಹೊಸ ಪುಸ್ತಕ ಬೇಡ, ಕೇಳಿ ಮುಗಿಸಿದ್ದನ್ನು ಹಾಕಿಕೊಳ್ಳಿ. ಹೊಸದನ್ನು ಹಾಕಿ ನಿದ್ದೆ ಹೋದರೆ ಎಲ್ಲಿ ಬಿಟ್ಟಿರೆಂದು ಹುಡುಕಲು ಅರ್ಧಿಸುತ್ತಾ ಹೋಗಿ. ಟೈಮರ್ 30 ನಿಮಿಷದ್ದಾದರೆ 15 ನಿಮಿಷ ಹಿಂದೆ ಹೋಗಿ ಕೇಳಿ. ನೆನಪಿದೆಯಾದರೆ 7 ನಿಮಿಷ ಮುಂದೆ, ನೆನಪಿಲ್ಲವಾದರೆ 7 ನಿಮಿಷ ಹಿಂದೆ, ಆಮೇಲೆ 4, ಆಮೇಲೆ 2. ನಾಲ್ಕು ಹೆಜ್ಜೆಯಲ್ಲಿ ಜಾಗ ಸಿಗುತ್ತದೆ. ಟೈಮರ್ ಹಾಕದೆ ಮಲಗಿದರೆ ಮಾತ್ರ 6 ಗಂಟೆಯ ಧ್ವನಿಯಲ್ಲಿ ಹುಡುಕಬೇಕು.

ಬಿಡಿ ಎಂಪಿ3 ಫೈಲುಗಳ ಪುಸ್ತಕದಲ್ಲಿ 1ರ ನಂತರ 10, 11, ಆಮೇಲೆ 2 ಬರುವ ತೊಂದರೆ ಹಳೆಯದು. ಕಥೇತರ ಪುಸ್ತಕದಲ್ಲಿ ಅಧ್ಯಾಯ ಹಾರಿದ್ದು ಬೇಗ ಗೊತ್ತಾಗುವುದೂ ಇಲ್ಲ. ಫೈಲುಗಳಿಗೆ 01, 02 ಎಂದು ಹೆಸರಿಡಿ. ಎರಡು ಸಾಧನಗಳಲ್ಲಿ ಕೇಳುವವರು ಒಂದರಲ್ಲಿ ನಿಲ್ಲಿಸಿ, ಅದು ನೆಟ್‌ಗೆ ಸೇರಿ ಜಾಗ ಉಳಿಸಿಕೊಂಡಿತೆಂದು ನೋಡಿಯೇ ಇನ್ನೊಂದನ್ನು ತೆರೆಯಿರಿ.

ಕೈಬಿಡುವುದಕ್ಕೂ ಒಂದು ಗಡುವು ಇರಲಿ: ಪುಸ್ತಕದ ಹತ್ತನೇ ಒಂದು ಭಾಗ ಅಥವಾ 1 ಗಂಟೆ, ಯಾವುದು ಹೆಚ್ಚೋ ಅದು. ಅಷ್ಟರಲ್ಲಿ ಹಿಡಿಯದಿದ್ದರೆ ಪುಸ್ತಕ ಕೆಟ್ಟದ್ದೋ, ದನಿ ಒಗ್ಗಲಿಲ್ಲವೋ, ಮಾಧ್ಯಮ ತಪ್ಪೋ ಎಂದು ಬೇರ್ಪಡಿಸಿ ನೋಡಿ. ಎರಡನೆಯದು, ಮೂರನೆಯದಾದರೆ ಅದೇ ಪುಸ್ತಕವನ್ನು ಅಚ್ಚಿನಲ್ಲಿ ತೆಗೆದುಕೊಳ್ಳಿ. ಕೆಟ್ಟ ವಾಚನದಿಂದಾಗಿ ಒಳ್ಳೆಯ ಪುಸ್ತಕದ ಮೇಲೆ ತಪ್ಪು ತೀರ್ಪು ಕೊಡುವುದು ಲೇಖಕರಿಗೆ ಮಾಡುವ ಅನ್ಯಾಯ.

ಧ್ವನಿಯ ಮಟ್ಟ

ದಿನಕ್ಕೆ ಎರಡು ಮೂರು ಗಂಟೆ ಕೇಳುವವರು ಕಿವಿಯ ಲೆಕ್ಕವನ್ನೂ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆ ರೂಪಿಸಿದ ಮಾನದಂಡದಲ್ಲಿ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಮಾತು ಕೇಳಲು ಅಷ್ಟು ಜೋರು ಬೇಕೇ ಇಲ್ಲ. ಸುತ್ತಲ ಗದ್ದಲವನ್ನು ಮೀರಿಸಲು ಹೋಗಿ ನಾವು ಏರಿಸುತ್ತೇವೆ. ಕಿವಿಯ ಬಾಯಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಆರಿಸಿದರೆ, ಬಸ್ಸು, ರೈಲಿನ ಎಂಜಿನ್ನಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಗದ್ದಲ ತಡೆಯುವ ಸೌಲಭ್ಯ ಹಾಕಿದರೆ, ಧ್ವನಿಯನ್ನು ಸಾಕಷ್ಟು ಇಳಿಸಬಹುದು. ಪಕ್ಕದವರ ಮಾತನ್ನು ಆ ಸೌಲಭ್ಯ ಅಷ್ಟಾಗಿ ತಡೆಯುವುದಿಲ್ಲ; ಅಂಥ ಕಡೆ ಧ್ವನಿ ಏರಿಸದೆ ಪುಸ್ತಕ ನಿಲ್ಲಿಸುವುದೇ ಸರಿ. ವಾಚಕರ ದನಿ ಒಮ್ಮೆ ಜೋರು ಒಮ್ಮೆ ಮೆಲು ಆಗುವ ಮುದ್ರಣವಾದರೆ, ಮೆಲುದನಿಗೆಂದು ಏರಿಸಿದ್ದು ಮರೆತುಹೋಗುತ್ತದೆ. ಆ್ಯಪ್‌ನಲ್ಲಿ ದನಿ ಸಮ ಮಾಡುವ ಆಯ್ಕೆ ಇದ್ದರೆ ಬಳಸಿ.

ಮತ್ತೆ ಕೇಳುವುದು

ನಿಮಗೆ ಬೇಕೆನಿಸಿದ ಪುಸ್ತಕವನ್ನು 3–4 ವಾರ ಬಿಟ್ಟು ಇನ್ನೊಮ್ಮೆ ತೆರೆಯಿರಿ. ಪೂರ್ತಿ ಬೇಡ: ಮುನ್ನುಡಿ, ಕೊನೆಯ ಅಧ್ಯಾಯ, ಬುಕ್‌ಮಾರ್ಕ್‌ಗಳ ಸುತ್ತಲಿನ ಒಂದೊಂದು ನಿಮಿಷ. ವಿಷಯ ಗೊತ್ತಿರುವುದರಿಂದ ಈಗ 1.5 ಪಟ್ಟು ಧಾರಾಳವಾಗಿ ಓಡಿಸಬಹುದು. 10 ಗಂಟೆಯ ಪುಸ್ತಕಕ್ಕೆ ಇದು ಒಂದೂವರೆ ಗಂಟೆಯೊಳಗಿನ ಕೆಲಸ. ಆಗ ‘ಒಪ್ಪಲ್ಲ’ ಎಂದು ಗುರುತು ಹಾಕಿದ ಜಾಗಗಳನ್ನು ಮೊದಲು ಕೇಳಿ. ಕೊನೆಯ ಅಧ್ಯಾಯ ಕೇಳಿದ ಮೇಲೂ ಅನುಮಾನ ಉಳಿದಿದ್ದರೆ ಆ ಪುಟದ ಅಡಿಟಿಪ್ಪಣಿಯನ್ನು ಅಚ್ಚಿನ ಪ್ರತಿಯಲ್ಲಿ ತೆರೆದು ನೋಡಿ.